ಮಿಕ್ಸರಿನಿಂದ ಲ್ಯಾಪ್‌ಟಾಪಿಗೆ ಯುಎಸ್‌ಬಿ ಹಾಕಿದೊಡನೆ ಬರುವ ಸದ್ದು: ದೋಷ ಎಲ್ಲಿದೆಯೆಂದು ಹುಡುಕುವ ಕ್ರಮ

ಮಳೆಗಾಲ ಹಿಡಿದು ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳ ಜಗಲಿಯಲ್ಲಿಯೂ ದೇವಸ್ಥಾನದ ಸಭಾಭವನಗಳಲ್ಲಿಯೂ, ವೇಷವಿಲ್ಲದೆ ಕುಳಿತು ಹಾಡು ಮಾತುಗಳಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಗಳು ನಡೆಯುತ್ತವೆ. ಹಿಂದೆ ಒಂದು ಕ್ಯಾಸೆಟ್ ರೆಕಾರ್ಡರನ್ನು ಭಾಗವತರ ಮುಂದಿಟ್ಟು ಸುಮ್ಮನಾಗುತ್ತಿದ್ದವರು ಈಗ ಹಾಡುವ ಭಾಗವತರಿಗೊಂದು, ಮದ್ದಳೆಗೊಂದು, ಚಂಡೆಗೊಂದು, ಪಾತ್ರದ ಮಾತಾಡುವ ಪ್ರತಿಯೊಬ್ಬ ಅರ್ಥಧಾರಿಗೂ ಒಂದೊಂದು ಮೈಕು ಇಟ್ಟು, ಎಲ್ಲವನ್ನೂ ಧ್ವನಿ ಕೂಡಿಸುವ ಡಿಜಿಟಲ್ ಮಿಕ್ಸರಿಗೆ ತಂದು, ಅಲ್ಲಿಂದ ಒಂದೇ ಯುಎಸ್‌ಬಿ ಕೇಬಲಿನಲ್ಲಿ ಹದಿನಾರೋ ಹದಿನೆಂಟೋ ಬೇರೆಬೇರೆ ಟ್ರ್ಯಾಕುಗಳಾಗಿ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುತ್ತಾರೆ. ಅನುಕೂಲವೇನೋ ದೊಡ್ಡದು. ಆದರೆ ಆ ಕೇಬಲನ್ನು ಸಿಕ್ಕಿಸಿದ ಗಳಿಗೆಯಿಂದ ಗುಂಯ್‌ಗುಡುವ, ಕೀರಲು ಹಿಡಿಯುವ, ನಡುನಡುವೆ ಟಿಕ್ ಎಂದು ಸಿಡಿಯುವ ಸದ್ದುಗಳು ಸೇರಿಕೊಂಡು, ಪೀಠಿಕೆ ಶುರುವಾಗಲು ಹತ್ತು ನಿಮಿಷವಿರುವಾಗ ಕೈಗೆ ಸಿಕ್ಕ ಕೇಬಲನ್ನೆಲ್ಲ ಬದಲಿಸುತ್ತ ಬೆವರುವ ಪ್ರಸಂಗ ಈ ಕೆಲಸ ಮಾಡುವ ಎಲ್ಲರಿಗೂ ಒಮ್ಮೆಯಾದರೂ ಬಂದಿರುತ್ತದೆ.

ಇವನ್ನೆಲ್ಲ ಒಟ್ಟಾಗಿ ‘ಯುಎಸ್‌ಬಿ ಸದ್ದು’ ಎಂದು ಕರೆಯುವುದೇ ಮೊದಲ ತಪ್ಪು ಎಂಬುದು ನನ್ನ ಅನುಭವ. ಯುಎಸ್‌ಬಿಯಲ್ಲಿ ಹರಿಯುವುದು ಅಂಕಿಗಳು, ಮತ್ತು ಅಂಕಿಗಳಿಗೆ ಗುಂಯ್‌ಗುಡಲು ಬರುವುದಿಲ್ಲ. ಅವು ಕಳೆದುಹೋಗಬಹುದು ಅಥವಾ ತಡವಾಗಿ ಬರಬಹುದು. ಆಗ ಕೇಳಿಸುವುದು ಸಿಡಿತ, ಇಲ್ಲವೇ ಬಟ್ಟೆ ಹರಿದಂತೆ ತುಂಡಾದ ಧ್ವನಿ. ಗುಂಯ್ ಸದ್ದಿನ ಮೂಲ ಅದೇ ಕೇಬಲಿನಲ್ಲಿದ್ದರೂ ಬೇರೆ ಜಾಗದಲ್ಲಿದೆ. ಯುಎಸ್‌ಬಿ 2.0 ಕೇಬಲಿನೊಳಗೆ ನಾಲ್ಕು ತಂತಿಗಳಿರುತ್ತವೆ: ಎರಡು ಮಾಹಿತಿಗೆ, ಒಂದು 5 ವೋಲ್ಟಿಗೆ, ಒಂದು ಗ್ರೌಂಡಿಗೆ. ಇವುಗಳ ಮೇಲೊಂದು ಲೋಹದ ಹೊದಿಕೆ. ಈ ಗ್ರೌಂಡ್ ತಂತಿಯೂ ಹೊದಿಕೆಯೂ ಸೇರಿ ಲ್ಯಾಪ್‌ಟಾಪಿನ ಮೈಯನ್ನು ಮಿಕ್ಸರಿನ ಮೈಗೆ ಬೆಸೆಯುತ್ತವೆ, ಮತ್ತು ಚಾರ್ಜರಿನ ಮೂಲಕ ಬಂದ ಬೇಡದ ಕರೆಂಟು ಆ ಬೆಸುಗೆಯ ದಾರಿಯಲ್ಲಿ ಹರಿದು ಮಿಕ್ಸರಿನ ಅನಲಾಗ್ ಭಾಗಕ್ಕೆ ಕೈಹಾಕುತ್ತದೆ. ಗುಂಯ್ ಎನ್ನುವುದು ವಿದ್ಯುತ್ತಿನ ಕಾಯಿಲೆ, ಟಿಕ್ ಎನ್ನುವುದು ಕಂಪ್ಯೂಟರಿನ ಕಾಯಿಲೆ. ಒಂದರ ಮದ್ದು ಇನ್ನೊಂದಕ್ಕೆ ತಾಗುವುದಿಲ್ಲ.

ಸದ್ದು ಫೈಲಿನಲ್ಲಿದೆಯೇ, ಸ್ಪೀಕರಿನಲ್ಲಿದೆಯೇ

ಏನನ್ನೂ ಬಿಚ್ಚುವ ಮೊದಲು ಒಂದು ನಿಮಿಷ ರೆಕಾರ್ಡ್ ಮಾಡಿರಿ. ಆ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಬೇರೊಂದು ಮೊಬೈಲಿನಲ್ಲಿಯೋ, ಮಿಕ್ಸರಿನಿಂದ ಬಿಡಿಸಿದ ಲ್ಯಾಪ್‌ಟಾಪಿನಲ್ಲಿಯೋ ಹೆಡ್‌ಫೋನ್ ಹಾಕಿ ಕೇಳಿರಿ. ಸ್ಪೀಕರಿನಲ್ಲಿ ಜೋರಾಗಿ ಕೇಳುತ್ತಿದ್ದ ಗುಂಯ್ ಸದ್ದು ಫೈಲಿನಲ್ಲಿ ಇಲ್ಲದಿದ್ದರೆ ಮೈಕು, ಮೈಕಿನ ಕೇಬಲು, ಮಿಕ್ಸರಿನಲ್ಲಿ ಮೈಕಿನ ಧ್ವನಿಯನ್ನು ಹಿಗ್ಗಿಸುವ ಪ್ರೀ-ಆಂಪ್ ಎಲ್ಲವೂ ನಿರ್ದೋಷಿಗಳು. ಸದ್ದು ಹುಟ್ಟುತ್ತಿರುವುದು ಮಿಕ್ಸರಿನ ಔಟ್‌ಪುಟ್ಟಿಗೂ ಸ್ಪೀಕರಿಗೂ ನಡುವೆ. ಫೈಲಿನಲ್ಲಿಯೂ ಇದ್ದರೆ ಅದು ಅಂಕಿಯಾಗುವ ಮೊದಲೇ, ಎಂದರೆ ಮೈಕಿನ ದಾರಿಯಲ್ಲಿಯೇ ಸೇರಿಕೊಂಡಿದೆ.

ನಿಮ್ಮ ಮಿಕ್ಸರಿನಲ್ಲಿಯೇ ಪೆನ್‌ಡ್ರೈವಿಗೋ ಮೆಮೊರಿ ಕಾರ್ಡಿಗೋ ರೆಕಾರ್ಡ್ ಮಾಡುವ ಸೌಲಭ್ಯವಿದ್ದರೆ ಲ್ಯಾಪ್‌ಟಾಪಿನ ಜೊತೆಜೊತೆಗೆ ಅದನ್ನೂ ಓಡಿಸಿರಿ. ಅದು ಸಾಕ್ಷಿ ಹೇಳಲು ಬಂದ ಮೂರನೆಯವನಿದ್ದಂತೆ. ಲ್ಯಾಪ್‌ಟಾಪಿನ ಫೈಲಿನಲ್ಲಿ ಟಿಕ್ ಇದ್ದು ಪೆನ್‌ಡ್ರೈವಿನಲ್ಲಿ ಇಲ್ಲವಾದರೆ ಯುಎಸ್‌ಬಿ ದಾರಿಯ ಮೇಲೆ ಸಂಶಯಪಡಬಹುದು. ಎರಡರಲ್ಲಿಯೂ ಒಂದೇ ಜಾಗದಲ್ಲಿದ್ದರೆ ಯುಎಸ್‌ಬಿಯನ್ನು ಬಿಟ್ಟುಬಿಡಿ.

ಆಮೇಲೆ ಎಲ್ಲ ಮೈಕುಗಳನ್ನು ಮ್ಯೂಟ್ ಮಾಡಿ, ಸದ್ದು ಬರುತ್ತಿರುವಾಗಲೇ ಲ್ಯಾಪ್‌ಟಾಪಿನ ಚಾರ್ಜರನ್ನು ಗೋಡೆಯಿಂದ ಕಿತ್ತು ನೋಡಿರಿ. ಆ ಕ್ಷಣಕ್ಕೆ ಸದ್ದು ನಿಂತರೆ ಅರ್ಧ ಉತ್ತರ ಸಿಕ್ಕಿತು. ನಿಲ್ಲದಿದ್ದರೆ ಸ್ಪೀಕರಿನ ಶಬ್ದ ತಗ್ಗಿಸಿಕೊಂಡು ಯುಎಸ್‌ಬಿ ಕೇಬಲನ್ನೇ ತೆಗೆಯಿರಿ. ಆಗಲೂ ನಿಲ್ಲದ ಸದ್ದಿಗೆ ಕಂಪ್ಯೂಟರನ್ನು ಬಯ್ಯುವುದರಲ್ಲಿ ನ್ಯಾಯವಿಲ್ಲ.

ಕಿವಿಯಿಂದಲೇ ಗುರುತು ಹಿಡಿಯುವುದು

ನಮ್ಮ ಕರೆಂಟು 230 ವೋಲ್ಟ್, 50 ಹರ್ಟ್ಸ್. ಆದ್ದರಿಂದ ಅರ್ಥಿಂಗಿಗೆ ಸಂಬಂಧಿಸಿದ ಗುಂಯ್ ಸದ್ದು 50 ಹರ್ಟ್ಸಿನಲ್ಲಿಯೂ ಅದರ ಮಡಿಗಳಾದ 100, 150ರಲ್ಲಿಯೂ ಇರುತ್ತದೆ. ಹಾರ್ಮೋನಿಯಂ ಬಲ್ಲವರಿಗೆ ಹೇಳುವುದಾದರೆ ಇದು ಮಂದ್ರದಲ್ಲಿ ಬಿಳಿ ಐದಕ್ಕಿಂತ ತುಸು ಮೇಲೆ ನಿಲ್ಲುವ ಸ್ವರ. ಭಾಗವತರ ಶ್ರುತಿ ಅದರ ಸಮೀಪವಿದ್ದರೆ ಹಾಡುವಾಗ ಸದ್ದು ಮರೆಯಾಗಿ, ಅರ್ಥ ಹೇಳುವ ನಡುವಿನ ಮೌನಗಳಲ್ಲಿ ಮಾತ್ರ ತಲೆಯೆತ್ತುತ್ತದೆ; ಆದ್ದರಿಂದ ಹಾಡಿನ ಹೊತ್ತಿಗೆ ಪರೀಕ್ಷೆ ಮಾಡಿ ಎಲ್ಲ ಸರಿಯಿದೆ ಎಂದುಕೊಳ್ಳಬಾರದು. ರೆಕಾರ್ಡಿಂಗ್ ತಂತ್ರಾಂಶದಲ್ಲಿ ಸ್ಪೆಕ್ಟ್ರಮ್, ಎಂದರೆ ಧ್ವನಿಯಲ್ಲಿ ಯಾವ ಹರ್ಟ್ಸ್ ಎಷ್ಟಿದೆಯೆಂಬ ಚಿತ್ರ, ತೋರಿಸುವ ಕಿಟಕಿ ಇದ್ದರೆ ಅದನ್ನು ತೆರೆದಿಟ್ಟುಕೊಳ್ಳುವುದು ಒಳ್ಳೆಯದು.

ಗುಂಯ್ ಸದ್ದಿನ ಮೇಲೆ ಜೀರುಂಡೆಯಂತೆ ಝರ್ರೆನ್ನುವ ಪದರವೂ ಇದ್ದರೆ, ಅದರಲ್ಲೂ ಕರೆಂಟು ಹೋಗಿ ಇನ್ವರ್ಟರ್ ಹತ್ತಿಕೊಂಡ ಮೇಲೆ ಅದು ಶುರುವಾಗಿದ್ದರೆ, ಮನೆಯಲ್ಲಿರುವುದು ಚೌಕದ ಅಲೆಯ ಹಳೆಯ ಇನ್ವರ್ಟರ್ ಎಂದು ಊಹಿಸಬಹುದು. ಚೌಕದ ಅಲೆಯಲ್ಲಿ 150, 250, 350 ಹರ್ಟ್ಸ್ ಹೀಗೆ ಬೆಸ ಮಡಿಗಳು ತುಂಬಿರುತ್ತವೆ. ಸೈನ್ ವೇವ್ ಇನ್ವರ್ಟರಿನಲ್ಲಿ ಈ ಕಾಟ ತೀರ ಕಡಿಮೆ. ಮದುವೆಮನೆಯ ಬೆಳಕನ್ನು ಏರಿಳಿಸುವ ಡಿಮ್ಮರುಗಳೂ ಇದೇ ಬಗೆಯ ಝರ್ರೆನ್ನುವ ಸದ್ದು ಹಚ್ಚುತ್ತವೆ.

ಸಣ್ಣಗೆ ಕೀ ಎಂದು ಕೊರೆಯುವ ಸದ್ದು, ಮೌಸ್ ಅಲುಗಿಸಿದಾಗ ಅಥವಾ ಪರದೆಯನ್ನು ಸರಿಸಿದಾಗ ಬಣ್ಣ ಬದಲಿಸುವುದಾದರೆ, ಅದು ಲ್ಯಾಪ್‌ಟಾಪಿನೊಳಗಿನ ವಿದ್ಯುತ್ ವ್ಯವಸ್ಥೆಯ ಗದ್ದಲ. ಯುಎಸ್‌ಬಿ ತನ್ನ ಮಾಹಿತಿಯನ್ನು ಕಂತುಗಳಲ್ಲಿ ಕಳಿಸುತ್ತದೆ: ನಿಧಾನದ ಫುಲ್ ಸ್ಪೀಡಿನಲ್ಲಿ ಸೆಕೆಂಡಿಗೆ 1000 ಕಂತು, ವೇಗದ ಹೈ ಸ್ಪೀಡಿನಲ್ಲಿ 8000. ಆ ಕಂತುಗಳ ತಾಳಕ್ಕೆ ಸರಿಯಾಗಿ ಕರೆಂಟಿನ ಎಳೆತವೂ ಏರಿಳಿಯುವುದರಿಂದ ಗ್ರೌಂಡಿನ ದಾರಿಯಲ್ಲಿ 1000 ಅಥವಾ 8000 ಹರ್ಟ್ಸಿನ ಸ್ಥಿರವಾದ ಸಿಳ್ಳೆ ಸೋರುವುದುಂಟು. ಸ್ಪೆಕ್ಟ್ರಮ್ಮಿನಲ್ಲಿ ಸರಿಯಾಗಿ ಈ ಎರಡು ಜಾಗಗಳಲ್ಲಿ ಸೂಜಿಯಂತೆ ಗೆರೆ ನಿಂತಿದ್ದರೆ ಬೇರೆ ಪುರಾವೆ ಬೇಕಿಲ್ಲ. ಇದೂ ಗುಂಯ್ ಸದ್ದಿನ ಕುಟುಂಬದ್ದೇ. ಅದೇ ದಾರಿಯಲ್ಲಿ ಬರುತ್ತದೆ, ಅದೇ ಮದ್ದಿಗೆ ಬಗ್ಗುತ್ತದೆ.

ಇನ್ನು ಟಿಟ್ಟಿಟಿಟ್ ಎಂದು ಲಯಬದ್ಧವಾಗಿ ಕೇಳಿ ಮಾಯವಾಗುವ ಸದ್ದು 2ಜಿ ಮೊಬೈಲಿನದು. ಅದರ ಕಂತುಗಳು ಸೆಕೆಂಡಿಗೆ ಸುಮಾರು 217. ನಮ್ಮ ಗುಡ್ಡಗಳ ಸಂದಿಯಲ್ಲಿ ಸಿಗ್ನಲ್ ಎಟುಕದಿದ್ದಾಗ ಮೊಬೈಲು ತನ್ನ ಶಕ್ತಿಯನ್ನೆಲ್ಲ ಬಳಸಿ ಟವರನ್ನು ಕೂಗುವುದರಿಂದ ಈ ಸದ್ದು ಪೇಟೆಗಿಂತ ಹಳ್ಳಿಯ ಮನೆಯಲ್ಲಿ ಹೆಚ್ಚು. ಮೊಬೈಲುಗಳನ್ನು ಮೈಕಿನ ಕೇಬಲುಗಳಿಂದ ದೂರವಿಟ್ಟರೆ ಮುಗಿಯಿತು.

ಗುಂಯ್ ಸದ್ದಿನ ಬೇರು: ಅರ್ಥಿಂಗ್

ಹೊಸನಗರದ ಕಡೆಯ ಒಂದು ಹಳೆಯ ಮನೆಯಲ್ಲಿ ಆಷಾಢದ ಒಂದು ಸಂಜೆ ನಾನು ಕಲಿತ ಪಾಠವನ್ನು ಇಲ್ಲಿ ವಿವರವಾಗಿ ಹೇಳುವುದು ಉಪಯುಕ್ತ. ಜಗಲಿಯ ಸಾಕೆಟ್ಟಿನಿಂದ ಮಿಕ್ಸರಿಗೂ ಎರಡು ಸ್ಪೀಕರುಗಳಿಗೂ ಕರೆಂಟು ತೆಗೆದುಕೊಂಡಿದ್ದೆ. ಅಲ್ಲಿ ತೂತುಗಳು ಮುಗಿದದ್ದರಿಂದ ಲ್ಯಾಪ್‌ಟಾಪಿನ ಚಾರ್ಜರಿಗೆ ಅಡುಗೆಮನೆಯಿಂದ ಎಕ್ಸ್‌ಟೆನ್ಶನ್ ಬೋರ್ಡ್ ಎಳೆದಿದ್ದೆ. ಯುಎಸ್‌ಬಿ ಹಾಕುವವರೆಗೆ ಎಲ್ಲವೂ ಶಾಂತವಾಗಿತ್ತು. ಹಾಕಿದೊಡನೆ ಸ್ಪೀಕರಿನಲ್ಲಿಯೂ ಫೈಲಿನಲ್ಲಿಯೂ ಗುಂಯ್ ಎಂದಿತು. ಚಾರ್ಜರ್ ಕಿತ್ತರೆ ಮೌನ. ಆದರೆ ಲ್ಯಾಪ್‌ಟಾಪಿನ ಬ್ಯಾಟರಿ ಎರಡು ಗಂಟೆಯದು, ತಾಳಮದ್ದಳೆ ಆರು ಗಂಟೆಯದು.

ಇಂಥಲ್ಲಿ ಎಲ್ಲರೂ ಹೇಳುವ ಮೊದಲ ಉಪಾಯ ಎಲ್ಲ ಸಲಕರಣೆಗಳನ್ನೂ ಒಂದೇ ಬೋರ್ಡಿಗೆ ಹಾಕುವುದು, ಮತ್ತು ಆ ಉಪಾಯ ಸರಿಯಾದದ್ದೇ. ಮಿಕ್ಸರ್ ಒಂದು ಸಾಕೆಟ್ಟಿನ ಅರ್ಥಿಂಗನ್ನೂ ಲ್ಯಾಪ್‌ಟಾಪ್ ಇನ್ನೊಂದರ ಅರ್ಥಿಂಗನ್ನೂ ಹಿಡಿದುಕೊಂಡಾಗ ಎರಡರ ನಡುವೆ ಸಣ್ಣದೊಂದು ವೋಲ್ಟೇಜಿನ ಅಂತರವಿರುತ್ತದೆ. ಯುಎಸ್‌ಬಿ ಕೇಬಲು ಅವೆರಡನ್ನೂ ಜೋಡಿಸಿ ಸುತ್ತು ಪೂರ್ಣಗೊಳಿಸುವುದರಿಂದ ಆ ಅಂತರ ಕರೆಂಟಾಗಿ ಕೇಬಲಿನ ಹೊದಿಕೆಗಳಲ್ಲಿ ಹರಿಯತೊಡಗುತ್ತದೆ. ಇದನ್ನೇ ಗ್ರೌಂಡ್ ಲೂಪ್ ಎನ್ನುತ್ತಾರೆ. ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್. ಅದನ್ನು 60 ಡೆಸಿಬೆಲ್ ಗೇನ್‌ನಲ್ಲಿ ಸಾವಿರ ಪಟ್ಟು ಹಿಗ್ಗಿಸುವ ಮಿಕ್ಸರು ಹೊದಿಕೆಯಲ್ಲಿ ಹರಿಯುವ ಅಷ್ಟಿಷ್ಟು ಕರೆಂಟನ್ನೂ ನಿಷ್ಠೆಯಿಂದ ಹಿಗ್ಗಿಸಿ ಕೊಡುತ್ತದೆ. ಒಂದೇ ಬೋರ್ಡಿನಲ್ಲಿ ಎಲ್ಲರ ಅರ್ಥಿಂಗ್ ಪಿನ್ನುಗಳೂ ಒಂದೇ ಪಟ್ಟಿಗೆ ಸೇರುವುದರಿಂದ ಅಂತರಕ್ಕೆ ಜಾಗವಿರುವುದಿಲ್ಲ. ಭಾರದ ಚಿಂತೆ ಬೇಡ. 6 ಆಂಪಿಯರಿನ ಸಾಕೆಟ್ 230 ವೋಲ್ಟಿನಲ್ಲಿ 1380 ವ್ಯಾಟ್ ತಾಳುತ್ತದೆ. ಮಿಕ್ಸರ್, ಲ್ಯಾಪ್‌ಟಾಪ್ ಮತ್ತು ಮನೆಯೊಳಗಿನ ಕಾರ್ಯಕ್ರಮಕ್ಕೆ ಬೇಕಾದ ಎರಡು ಸ್ಪೀಕರುಗಳು ಅಷ್ಟನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ.

ನಾನೂ ಹಾಗೆಯೇ ಎಲ್ಲವನ್ನೂ ಜಗಲಿಯ ಸಾಕೆಟ್ಟಿಗೆ ತಂದೆ. ಗುಂಯ್ ಸದ್ದು ಬಹುಪಾಲು ಅಡಗಿತು. ಅಲ್ಲಿಗೆ ನಿಲ್ಲಿಸಿದ್ದರೆ ಅನಾಹುತವಾಗುತ್ತಿತ್ತು. ಕೇಬಲನ್ನು ಸರಿಪಡಿಸಲು ಬಗ್ಗಿದಾಗ ಮಿಕ್ಸರಿನ ಹಿಂದಿನ ಲೋಹಕ್ಕೆ ಮುಂಗೈ ತಾಗಿ ಜುಮ್ಮೆಂದಿತು. ಮಳೆಗೆ ತಣ್ಣಗಾಗಿ ಬೆವರುವ ಕಾವಿ ನೆಲ, ಬರಿಗಾಲು. ಮಲ್ಟಿಮೀಟರನ್ನು ಎಸಿ ವೋಲ್ಟಿಗಿಟ್ಟು ಸಾಕೆಟ್ ಅಳೆದೆ. ಫೇಸಿಗೂ ನ್ಯೂಟ್ರಲಿಗೂ 230ರ ಆಸುಪಾಸು ಇತ್ತು; ಫೇಸಿಗೂ ಅರ್ಥಿಂಗಿಗೂ ಅಷ್ಟೇ ಬರಬೇಕಿದ್ದಲ್ಲಿ ತೂಗಾಡುವ ಅಂಕಿಗಳು ಬಂದವು. ಯುಎಸ್‌ಬಿ ಬಿಡಿಸಿ, ಚಾರ್ಜರನ್ನು ಮತ್ತೆ ಅಡುಗೆಮನೆಯ ಬೋರ್ಡಿಗೆ ಹಾಕಿ, ಮಿಕ್ಸರಿನ ಮೈಗೂ ಲ್ಯಾಪ್‌ಟಾಪಿನ ಯುಎಸ್‌ಬಿ ಬಾಯಿಯ ಲೋಹಕ್ಕೂ ನಡುವೆ ಅಳೆದರೆ 90 ವೋಲ್ಟಿನ ಹತ್ತಿರ ತೋರಿಸಿತು. ಮೇನ್ ಸ್ವಿಚ್ ಇಳಿಸಿ, ಟೆಸ್ಟರಿನಿಂದ ಮತ್ತೊಮ್ಮೆ ಖಚಿತಪಡಿಸಿಕೊಂಡು, ಜಗಲಿಯ ಸಾಕೆಟ್ಟಿನ ಎರಡು ಸ್ಕ್ರೂ ಬಿಚ್ಚಿ ಮುಂದಕ್ಕೆಳೆದಾಗ ಕಂಡದ್ದು ಒಂದು ಕೆಂಪು ತಂತಿ, ಒಂದು ಕಪ್ಪು ತಂತಿ, ಮತ್ತು ದೊಡ್ಡ ತೂತಿನ ಹಿಂದೆ ಯಾವ ತಂತಿಯನ್ನೂ ಎಂದೂ ಹಿಡಿದಿರದ, ಇನ್ನೂ ಹೊಳಪು ಹೋಗದ ಹಿತ್ತಾಳೆಯ ಸ್ಕ್ರೂ.

“ಅದು ಅಪ್ಪಯ್ಯನ ಕಾಲದ ವೈರಿಂಗು ಮಾರಾಯ, ಆಗ ಎರಡೇ ತಂತಿ. ಅಡುಗೆಮನೆಯದು ಮಾತ್ರ ಮೊನ್ನೆ ಮಾಡಿಸಿದ್ದು,” ಎಂದರು ಮನೆಯ ಯಜಮಾನರು. ಪಕ್ಕದಲ್ಲಿ ಎಲೆಯಡಿಕೆ ಹಾಕುತ್ತಿದ್ದ ಹಿರಿಯ ಅರ್ಥಧಾರಿಗಳೊಬ್ಬರು, “ಅರ್ಥ ಹೇಳುವುದಕ್ಕೆ ಕರೆದು ಅರ್ಥಿಂಗೇ ಇಲ್ಲ ಅಂದರೆ ಹೇಗೆ ಭಟ್ಟರೇ?” ಎಂದದ್ದು ಆ ಸಂಜೆಯ ಮೊದಲ ಚಪ್ಪಾಳೆ ಗಿಟ್ಟಿಸಿತು.

ಆದದ್ದೇನೆಂದರೆ, ಮಿಕ್ಸರಿನ ಮತ್ತು ಸ್ಪೀಕರುಗಳ ಒಳಗೆ ಕರೆಂಟಿನ ಗದ್ದಲ ಸೋಸಲು ಫೇಸಿನಿಂದ ಮೈಗೊಂದು, ನ್ಯೂಟ್ರಲಿನಿಂದ ಮೈಗೊಂದು ಪುಟ್ಟ ಕೆಪಾಸಿಟರ್ ಇರುತ್ತವೆ. ಅರ್ಥಿಂಗ್ ಇಲ್ಲದಾಗ ಇವೆರಡರ ನಡುವೆ ಸಿಕ್ಕಿದ ಲೋಹದ ಮೈ ಸುಮಾರು ಅರ್ಧ ವೋಲ್ಟೇಜಿನಲ್ಲಿ ತೇಲುತ್ತಿರುತ್ತದೆ. ಹರಿಯಬಲ್ಲ ಕರೆಂಟು ಬಹಳ ಸಣ್ಣದು, ಜುಮ್ಮೆನ್ನುವಷ್ಟು. ಆದರೆ ಅಡುಗೆಮನೆಯ ಒಳ್ಳೆಯ ಅರ್ಥಿಂಗ್ ಹಿಡಿದ ಲ್ಯಾಪ್‌ಟಾಪು ಯುಎಸ್‌ಬಿಯ ಮೂಲಕ ಕೈ ಚಾಚಿದಾಗ ಮಿಕ್ಸರು, ಸ್ಪೀಕರು ಎರಡರ ಸೋರಿಕೆಯೂ ಆ ತೆಳು ಕೇಬಲಿನ ಹೊದಿಕೆಯಲ್ಲಿಯೇ ದಾರಿ ಹುಡುಕಿತು, ಗುಂಯ್ ಎಂದಿತು. ನಾನು ಎಲ್ಲವನ್ನೂ ಜಗಲಿಗೆ ತಂದಾಗ ದಾರಿ ಮುಚ್ಚಿ ಸದ್ದು ನಿಂತಿತೇ ಹೊರತು ದೋಷ ಹೋಗಲಿಲ್ಲ. ಎಲ್ಲ ಸಲಕರಣೆಗಳೂ ಒಟ್ಟಾಗಿ ತೇಲತೊಡಗಿದವು, ಮತ್ತು ಮೈಕು ಹಿಡಿಯುವವರ ಕೈಗೂ ಆ ಜುಮ್ಮೆನ್ನುವಿಕೆ ತಲುಪುವ ಹಾಗಾಯಿತು. ಅದೇ ದಿನ ಯಾವುದಾದರೂ ಸಲಕರಣೆಯೊಳಗೆ ಫೇಸ್ ತಂತಿ ಕಳಚಿ ಮೈಗೆ ತಾಗಿದ್ದರೆ ಸಣ್ಣ ಜುಮ್ಮಿಗೆ ಬದಲಾಗಿ ಪೂರ್ತಿ 230 ವೋಲ್ಟ್ ಬರುತ್ತಿತ್ತು. ಕೊನೆಗೆ ಎಲ್ಲವನ್ನೂ ಅಡುಗೆಮನೆಯ ಸಾಕೆಟ್ಟಿನಿಂದ ಎಳೆದ ಒಂದೇ ಬೋರ್ಡಿಗೆ ಹಾಕಿದಾಗ 90 ವೋಲ್ಟ್ ಇದ್ದಲ್ಲಿ ಮೀಟರು ಕೆಲವು ಮಿಲಿವೋಲ್ಟ್ ತೋರಿಸಿತು, ಗುಂಯ್ ಸದ್ದೂ ಹೋಯಿತು. ಜಗಲಿಗೆ ಮೂರನೆಯ ತಂತಿ ಎಳೆಯಲು ಮರುದಿನ ಎಲೆಕ್ಟ್ರಿಷಿಯನ್ ಬಂದರು.

ಇದೇ ಕಾರಣಕ್ಕೆ ಒಂದು ಮಾತನ್ನು ಕಟುವಾಗಿ ಹೇಳಬೇಕಾಗಿದೆ. ಪ್ಲಗ್ಗಿನ ದೊಡ್ಡ ಪಿನ್ನನ್ನು ಕತ್ತರಿಸಿದರೆ, ಅಥವಾ ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿನ ಕನ್ವರ್ಟರಿಗೆ ಹಾಕಿದರೆ ಗುಂಯ್ ಸದ್ದು ನಿಲ್ಲುವುದು ನಿಜ. ಹಾಗೆ ಮಾಡಿಕೊಡುವ ಅನುಭವಿಗಳು ಪ್ರತಿ ಊರಿನಲ್ಲಿಯೂ ಇದ್ದಾರೆ. ಅವರಿಂದ ಹಾಗೆ ಮಾಡಿಸಿಕೊಳ್ಳಬೇಡಿರಿ. ಸದ್ದಿನ ಸುತ್ತನ್ನು ತುಂಡರಿಸುವುದಿದ್ದರೆ ಧ್ವನಿಯ ದಾರಿಯಲ್ಲಿ ತುಂಡರಿಸಬೇಕು: ವಾದ್ಯದ ಧ್ವನಿಯನ್ನು ಮಿಕ್ಸರಿಗೆ ಹೊಂದಿಸುವ ಡಿಐ ಬಾಕ್ಸಿನಲ್ಲಿ ಗ್ರೌಂಡ್ ಬಿಡಿಸುವ ಗ್ರೌಂಡ್ ಲಿಫ್ಟ್ ಗುಂಡಿ ಒತ್ತುವುದು, ಮಿಕ್ಸರಿಗೂ ಸ್ಪೀಕರಿಗೂ ನಡುವೆ 1:1 ಅನುಪಾತದ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಡುವುದು, ಅಥವಾ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲಿನ ಒಂದನೆಯ ಪಿನ್ನಿನ ಶೀಲ್ಡನ್ನು (ಹೊದಿಕೆಯನ್ನು) ಸ್ಪೀಕರಿನ ತುದಿಯಲ್ಲಿ ಮಾತ್ರ ಬಿಡಿಸಿ, ಆ ಕೇಬಲಿಗೆ ಬಣ್ಣದ ಟೇಪು ಸುತ್ತಿ ಗುರುತಿಟ್ಟುಕೊಳ್ಳುವುದು. ಫ್ಯಾಂಟಮ್ ಪವರ್, ಎಂದರೆ ಮಿಕ್ಸರಿನಿಂದ ಅದೇ ಕೇಬಲಿನಲ್ಲಿ ಬರುವ ಕರೆಂಟು, ಬೇಕಾದ ಮೈಕಿಗೆ ಆ ಕೇಬಲನ್ನು ಬಳಸಿದರೆ ಮೈಕು ಸುಮ್ಮನಾಗುತ್ತದೆ, ಅದಕ್ಕಾಗಿಯೇ ಗುರುತು.

ಸದ್ದು ಸ್ಪೀಕರಿನಲ್ಲಿ ಮಾತ್ರ ಇದ್ದು ಫೈಲು ಶುದ್ಧವಾಗಿದ್ದರೆ ಮಿಕ್ಸರಿನ ಔಟ್‌ಪುಟ್ ಕೇಬಲನ್ನು ಮೊದಲು ನೋಡಿರಿ. ಎಷ್ಟೋ ಸಲ ಅಲ್ಲಿ ಎರಡು ಧ್ವನಿ ತಂತಿಯೂ ಹೊದಿಕೆಯೂ ಇರುವ ಬ್ಯಾಲೆನ್ಸ್ಡ್ ಕೇಬಲಿನ ಜಾಗದಲ್ಲಿ ಗಿಟಾರಿನ ಎರಡು ತಂತಿಯ ಕೇಬಲು ಸಿಕ್ಕಿರುತ್ತದೆ.

ಮಲೆನಾಡಿನ ಅರ್ಥಿಂಗ್ ಗುಂಡಿಗಳ ಬಗ್ಗೆಯೂ ಒಂದು ಮಾತು. ಜಂಬಿಟ್ಟಿಗೆಯ ನೆಲ ಮಳೆಗಾಲದಲ್ಲಿ ನೀರು ಕುಡಿದು ಕರೆಂಟಿಗೆ ಒಳ್ಳೆಯ ದಾರಿ ಕೊಡುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಅದೇ ನೆಲ ಒಣಗಿ ಅರ್ಥಿಂಗ್ ದುರ್ಬಲವಾಗುತ್ತದೆ. ಜುಲೈನಲ್ಲಿ ಸದ್ದಿಲ್ಲದೆ ರೆಕಾರ್ಡ್ ಆದ ಸಭಾಭವನ ಯುಗಾದಿಯ ಹೊತ್ತಿಗೆ ಗುಂಯ್‌ಗುಟ್ಟಿದರೆ ಮಿಕ್ಸರನ್ನು ದೂರುವ ಮೊದಲು ಉಪ್ಪು, ಇದ್ದಿಲು ತುಂಬಿದ ಆ ಗುಂಡಿಗೆ ನೀರು ಹೊಯ್ಯದೆ ಎಷ್ಟು ದಿನವಾಯಿತೆಂದು ವಿಚಾರಿಸಬೇಕು. ನ್ಯೂಟ್ರಲಿಗೂ ಅರ್ಥಿಂಗಿಗೂ ನಡುವೆ ಮೀಟರು ಒಂದೆರಡು ವೋಲ್ಟ್ ತೋರಿಸಿದರೆ ನಾನು ಮುಂದುವರಿಯುತ್ತೇನೆ. ಅದಕ್ಕಿಂತ ಬಹಳ ಹೆಚ್ಚಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಸುತ್ತೇನೆ. ಬಯಲಾಟದ ಜನರೇಟರಿನ ಅರ್ಥಿಂಗ್ ಸಂಪರ್ಕವನ್ನೂ ಅವರ ಕೈಗೇ ಬಿಡತಕ್ಕದ್ದು.

ಟಿಕ್ ಎನ್ನುವ ಸಿಡಿತ

ಅದೇ ರಾತ್ರಿ ಎಲ್ಲವೂ ಸರಿಯಾಯಿತೆಂದು ಕುಳಿತ ಮೇಲೆ ಅರ್ಧ ಗಂಟೆಗೊಮ್ಮೆ ಟಿಕ್ ಎಂಬ ಸದ್ದು ಫೈಲಿನಲ್ಲಿ ಬೀಳತೊಡಗಿತು. ಯುಎಸ್‌ಬಿ ತಪ್ಪಿದೆ ಎಂದು, ಬಂದ ಧ್ವನಿಯನ್ನು ಕಂಪ್ಯೂಟರು ಎತ್ತಿಕೊಳ್ಳುವವರೆಗೆ ಹಿಡಿದಿಡುವ ಬಫರನ್ನು ದೊಡ್ಡದು ಮಾಡಿದೆ, ಪ್ರಯೋಜನವಾಗಲಿಲ್ಲ. ನಡುವಿನ ವಿರಾಮದಲ್ಲಿ ಅಲೆಯ ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಉತ್ತರ ಅಲ್ಲಿಯೇ ಇತ್ತು. ಪ್ರತಿ ಟ್ರ್ಯಾಕಿನಲ್ಲಿಯೂ ಚೂಪಾಗಿ ಏರಿ, ಬಾರಿಸಿದ ಜಾಗಟೆ ನಿಧಾನವಾಗಿ ಅಡಗುವಂತೆ ಕಂಪಿಸುತ್ತ ಇಳಿಯುವ ಒಂದು ಮುಳ್ಳು. ಉದ್ದದ ಕೇಬಲಿನ ಚಂಡೆಯ ಮೈಕಿನಲ್ಲಿ ದೊಡ್ಡದು, ಗಿಡ್ಡ ಕೇಬಲಿನ ಭಾಗವತರ ಮೈಕಿನಲ್ಲಿ ಚಿಕ್ಕದು. ಮಿಕ್ಸರಿನ ಪೆನ್‌ಡ್ರೈವಿನಲ್ಲಿಯೂ ಅದೇ ಮುಳ್ಳು. ಅಂಕಿಗಳು ಕಳೆದುಹೋದಾಗ ಚಿತ್ರ ಹೀಗಿರುವುದಿಲ್ಲ: ಅಲೆ ಇದ್ದಲ್ಲಿಂದ ಇನ್ನೊಂದು ಎತ್ತರಕ್ಕೆ ಗೋಡೆಯಂತೆ ನೆಟ್ಟಗೆ ಜಿಗಿದಿರುತ್ತದೆ, ಅಥವಾ ನಡುವೆ ಸಪಾಟಾದ ಸೊನ್ನೆ ಇರುತ್ತದೆ, ಮತ್ತು ಎಲ್ಲ ಟ್ರ್ಯಾಕುಗಳಲ್ಲಿಯೂ ಒಂದೇ ಗಳಿಗೆಯಲ್ಲಿ ತುಂಡಾಗಿರುತ್ತದೆ. ಕಂಪಿಸುತ್ತ ಇಳಿಯುವ ಮುಳ್ಳು ಎಲ್ಲಿಯೋ ಒಂದು ಸ್ವಿಚ್ಚು ಕಿಡಿ ಹಾರಿಸಿದ ಗುರುತು. ಅಡುಗೆಮನೆಯ ಲೈನಿನಲ್ಲಿಯೇ ಫ್ರಿಜ್ ಇತ್ತು; ಅದರ ಮೋಟರು ಹತ್ತಿ ಆರುವ ಗಳಿಗೆಗಳು ಮುಳ್ಳುಗಳಿಗೆ ಸರಿಯಾಗಿ ಕೂಡಿದವು. ಬೆಳಗಿನವರೆಗೆ ಅದನ್ನು ಆರಿಸಬಹುದೇ ಎಂದು ಸಂಕೋಚದಿಂದ ಕೇಳಿದೆ. “ಆರಿಸಿ ತಮ್ಮ, ಈ ಮಳೆಗೆ ಫ್ರಿಜ್ಜಿನ ಒಳಗೂ ಹೊರಗೂ ಒಂದೇ,” ಎಂದರು ಮನೆಯ ಅಮ್ಮ. ಅಡಿಕೆ ಸುಗ್ಗಿಯ ದಿನಗಳಲ್ಲಿ ಸುಲಿಯುವ ಯಂತ್ರಗಳೂ, ಬೇಸಿಗೆಯಲ್ಲಿ ತೋಟದ ಪಂಪ್‌ಸೆಟ್ಟುಗಳೂ ಇದೇ ಬಗೆಯ ಮುಳ್ಳು ಹಾಕುತ್ತವೆ.

ಚಿತ್ರದಲ್ಲಿ ಗೋಡೆಯಂಥ ಜಿಗಿತವೇ ಕಂಡರೆ ಆಗ ಕಂಪ್ಯೂಟರಿನ ಕಡೆಗೆ ತಿರುಗಬೇಕು. ಯುಎಸ್‌ಬಿಯಲ್ಲಿ ಧ್ವನಿ ಸಾಗುವ ಬಗೆಯಲ್ಲಿ ಕಳೆದುಹೋದ ಕಂತನ್ನು ಮರಳಿ ಕೇಳುವ ಏರ್ಪಾಡಿಲ್ಲ. ಪೆನ್‌ಡ್ರೈವಿಗೆ ಫೈಲು ಹೋಗುವಾಗ ತಪ್ಪಿದ್ದನ್ನು ಮತ್ತೆ ಕಳಿಸಬಹುದು, ಧ್ವನಿಗೆ ಅಷ್ಟು ಪುರುಸೊತ್ತಿಲ್ಲ. ಬಂದ ಕಂತುಗಳನ್ನು ಕಂಪ್ಯೂಟರು ಹೊತ್ತಿಗೆ ಸರಿಯಾಗಿ ಎತ್ತಿಕೊಳ್ಳದಿದ್ದರೆ ಅಷ್ಟು ಧ್ವನಿ ಹೋದಂತೆಯೇ. ಎತ್ತಿಕೊಳ್ಳಲು ಎಷ್ಟು ಸಮಯವಿದೆ ಎಂಬುದನ್ನು ಬಫರ್ ನಿರ್ಧರಿಸುತ್ತದೆ. 48 ಕಿಲೋಹರ್ಟ್ಸ್ ಸ್ಯಾಂಪಲ್ ರೇಟಿನಲ್ಲಿ, ಎಂದರೆ ಧ್ವನಿಯನ್ನು ಸೆಕೆಂಡಿಗೆ 48,000 ಸಲ ಅಳೆಯುವಾಗ, 256 ಅಳತೆಗಳ ಬಫರ್ ಎಂದರೆ 5.3 ಮಿಲಿಸೆಕೆಂಡ್, 1024 ಎಂದರೆ 21.3 ಮಿಲಿಸೆಕೆಂಡ್. ಕಲಾವಿದರು ತಮ್ಮ ಧ್ವನಿಯನ್ನು ಕೇಳಿಸಿಕೊಳ್ಳುವುದು ನೇರವಾಗಿ ಮಿಕ್ಸರಿನಿಂದಲೇ ಹೊರತು ಲ್ಯಾಪ್‌ಟಾಪಿನಿಂದ ಸುತ್ತಿ ಬಂದದ್ದನ್ನಲ್ಲ. ಆದ್ದರಿಂದ ತಾಳಮದ್ದಳೆಯ ರೆಕಾರ್ಡಿಂಗಿಗೆ ಸಣ್ಣ ಬಫರಿನ ಹಟಕ್ಕೆ ಅರ್ಥವಿಲ್ಲ. ನಾನು 1024ಕ್ಕಿಂತ ಕೆಳಗೆ ಇಳಿಸುವುದೇ ಇಲ್ಲ.

ಆಮೇಲಿನ ಸಂಶಯ ವೈಫೈ ಮೇಲೆ. ಸಿಗ್ನಲ್ ಇಲ್ಲದ ಊರಿನಲ್ಲಿ ಲ್ಯಾಪ್‌ಟಾಪು ಮತ್ತೆಮತ್ತೆ ನೆಟ್‌ವರ್ಕ್ ಹುಡುಕುತ್ತಿರುತ್ತದೆ, ಮತ್ತು ಕೆಲವು ಡ್ರೈವರುಗಳು (ಸಲಕರಣೆಗಳನ್ನು ನಡೆಸುವ ತಂತ್ರಾಂಶಗಳು) ಹುಡುಕುವಷ್ಟು ಹೊತ್ತು ಇತರ ಕೆಲಸಗಳನ್ನು ತಡೆಹಿಡಿಯುತ್ತವೆ. ಏರ್‌ಪ್ಲೇನ್ ಮೋಡಿಗೆ ಹಾಕುವುದು ಇದಕ್ಕೆ ಸುಲಭದ ಪರಿಹಾರ. ವಿಂಡೋಸಿನಲ್ಲಿ ಲೇಟೆನ್ಸಿಮಾನ್ ಎಂಬ ತಂತ್ರಾಂಶವನ್ನು ಹತ್ತು ನಿಮಿಷ ಓಡಿಸಿದರೆ ಯಾವ ಡ್ರೈವರು ದಾರಿಗೆ ಅಡ್ಡ ನಿಲ್ಲುತ್ತಿದೆಯೆಂದು ಹೆಸರು ಹಿಡಿದು ತೋರಿಸುತ್ತದೆ. ಪವರ್ ಪ್ಲಾನನ್ನು ಹೈ ಪರ್ಫಾರ್ಮೆನ್ಸಿಗೆ ಹಾಕಿ, ಅದರೊಳಗಿನ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆರಿಸಿರಿ. ಇಲ್ಲಿ ಒಂದು ತಮಾಷೆಯಿದೆ: ಗುಂಯ್ ಸದ್ದಿನ ಭಯಕ್ಕೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದರೆ ಲ್ಯಾಪ್‌ಟಾಪು ಶಕ್ತಿ ಉಳಿಸಲು ತನ್ನ ವೇಗ ತಗ್ಗಿಸಿ, ಅಲ್ಲಿಯವರೆಗೆ ಇರದ ಸಿಡಿತಗಳನ್ನು ಶುರುಮಾಡುವುದುಂಟು. ಒಂದು ಕಾಯಿಲೆಯ ಪಥ್ಯ ಇನ್ನೊಂದಕ್ಕೆ ವಿಷ.

ವಿಂಡೋಸ್ 10ರ 2017ರ ಆವೃತ್ತಿಯಿಂದ ಯುಎಸ್‌ಬಿ ಆಡಿಯೋ ಕ್ಲಾಸ್ 2 ಎಂಬ ಸಾಮಾನ್ಯ ಮಾನದಂಡದ ಸಲಕರಣೆಗಳು ಬೇರೆ ಡ್ರೈವರ್ ಇಲ್ಲದೆಯೂ ನಡೆಯುತ್ತವೆ ಎಂಬುದು ನಿಜವಾದರೂ, ಬಹು ಚಾನೆಲ್ಲಿನ ರೆಕಾರ್ಡಿಂಗಿಗೆ ಮಿಕ್ಸರ್ ತಯಾರಿಸಿದವರೇ ಕೊಡುವ, ಧ್ವನಿಯನ್ನು ನೇರವಾಗಿ ರೆಕಾರ್ಡಿಂಗ್ ತಂತ್ರಾಂಶಕ್ಕೆ ತಲುಪಿಸುವ ಎಎಸ್ಐಒ ಡ್ರೈವರನ್ನು ಹಾಕಿಕೊಳ್ಳುವುದೇ ಸುರಕ್ಷಿತ. ಮ್ಯಾಕ್‌ನಲ್ಲಿ ಈ ತಲೆನೋವಿಲ್ಲ.

ಸ್ಯಾಂಪಲ್ ರೇಟು ಎರಡೂ ಕಡೆ ಒಂದೇ ಇರಬೇಕು. ಮಿಕ್ಸರ್ 44.1ರಲ್ಲಿದ್ದು ಫೈಲು 48 ಎಂದು ದಾಖಲಾದರೆ ಕೇಳುವಾಗ ಭಾಗವತರ ಶ್ರುತಿ ಹಾರ್ಮೋನಿಯಂನಲ್ಲಿ ಸುಮಾರು ಒಂದೂವರೆ ಮನೆ ಮೇಲೇರಿ, ಅರ್ಥಧಾರಿಗಳೆಲ್ಲ ಅವಸರದಲ್ಲಿ ಮಾತಾಡಿದಂತಿರುತ್ತದೆ. ಅಂಕಿಗಳ ತಾಳ ಹಿಡಿಯುವ ಮಿಕ್ಸರಿನ ಕ್ಲಾಕ್ ಇಂಟರ್ನಲ್ (ಒಳಗಿನದೇ) ಆಗಿದೆಯೇ ಎಂಬುದನ್ನೂ ನೋಡಿರಿ. ಹಿಂದೆ ಬಳಸಿದವರು ಅದನ್ನು ಹೊರಗಿನ ಕ್ಲಾಕಿಗೆ ಹೊಂದಿಸಿಟ್ಟು, ಈಗ ಆ ಹೊರಗಿನ ಸಲಕರಣೆ ಇಲ್ಲದಿದ್ದರೆ ಸಿಡಿತ ತಪ್ಪಿದ್ದಲ್ಲ.

ಕೇಬಲು 5 ಮೀಟರಿಗಿಂತ ಉದ್ದವಿರಬಾರದು. ನಾನು ಎರಡು ಮೀಟರಿನದನ್ನೇ ಒಯ್ಯುತ್ತೇನೆ. ಒಂದು ಯುಎಸ್‌ಬಿ ಬಾಯಿಯನ್ನು ಹಲವಾಗಿಸುವ ಹಬ್‌ಗೆ ಹಾಕದೆ ನೇರವಾಗಿ ಲ್ಯಾಪ್‌ಟಾಪಿಗೆ ಹಾಕಬೇಕು, ಮತ್ತು ರೆಕಾರ್ಡ್ ಆಗುವ ಹೊರಗಿನ ಹಾರ್ಡ್ ಡಿಸ್ಕನ್ನು ಮಿಕ್ಸರಿನ ಜೊತೆ ಒಂದೇ ಹಬ್‌ನಲ್ಲಿ ಕೂಡಿಸಬಾರದು. 18 ಚಾನೆಲ್, 24 ಬಿಟ್, 48 ಕಿಲೋಹರ್ಟ್ಸ್ ಎಂದರೆ ಸೆಕೆಂಡಿಗೆ ಸುಮಾರು 20.7 ಮೆಗಾಬಿಟ್, ಆರು ಗಂಟೆಗೆ ಹತ್ತಿರ ಹತ್ತಿರ 56 ಜಿಬಿ. ಡಿಸ್ಕ್ ತುಂಬುತ್ತ ಬಂದು ನಿಧಾನವಾದಾಗಲೂ ಸಿಡಿತ ಬರುವುದರಿಂದ ಜಾಗ ಎಷ್ಟಿದೆಯೆಂದು ಸಂಜೆಯೇ ನೋಡಿಕೊಳ್ಳಬೇಕು.

ಉಳಿದ ಸಣ್ಣ ಕಾಟಗಳು

ಉಸ್ಸೆನ್ನುವ ಸದ್ದು ಬಹುಪಾಲು ದೋಷವೇ ಅಲ್ಲ, ಗೇನಿನ ಅಳತೆ ತಪ್ಪಿದ್ದು. ಲ್ಯಾಪ್‌ಟಾಪಿನಲ್ಲಿ ಶಬ್ದ ಇಳಿಸಿಟ್ಟು ಮಿಕ್ಸರಿನಲ್ಲಿ ಅದನ್ನು ಏರಿಸಿದರೆ ಉಸ್ಸೆನ್ನದೆ ಇನ್ನೇನು. ಮಾತಿನ ಸರಾಸರಿ ಮಟ್ಟ ಮೀಟರಿನಲ್ಲಿ ಮೈನಸ್ 18 ಡೆಸಿಬೆಲ್ಲಿನ ಸುತ್ತ ಇರುವಂತೆ ಮೈಕಿನ ಗೇನನ್ನು ಮೊದಲು ಹೊಂದಿಸಿ ಆಮೇಲೆ ಶಬ್ದ ಏರಿಳಿಸುವ ಫೇಡರಿಗೆ ಕೈಹಾಕಿರಿ.

ಬಾವಿಯೊಳಗಿಂದ ಬಂದಂಥ ಪ್ರತಿಧ್ವನಿ ಅಥವಾ ಏರುತ್ತ ಹೋಗುವ ಊಳು ಕೇಳಿದರೆ, ಲ್ಯಾಪ್‌ಟಾಪಿಗೆ ಹೋದ ಧ್ವನಿ ಅಲ್ಲಿಂದ ಮಿಕ್ಸರಿಗೆ ಮರಳಿ, ಮತ್ತೆ ಲ್ಯಾಪ್‌ಟಾಪಿಗೆ ಹೋಗುವ ಸುತ್ತು ಬಿದ್ದಿದೆ. ಮರಳಿ ಬರುವ ಚಾನೆಲ್ಲನ್ನು ರೆಕಾರ್ಡಿಂಗಿಗೆ ಹೋಗುವ ದಾರಿಯಿಂದ ತೆಗೆಯಿರಿ.

ಮಳೆಗಾಲದ ಇನ್ನೊಂದು ಪೀಡೆ ಕಿಲುಬು. ಜೂನ್‌ನಲ್ಲಿ ಪೆಟ್ಟಿಗೆ ಮುಚ್ಚಿ ಆಗಸ್ಟ್‌ನಲ್ಲಿ ತೆರೆದರೆ ಎಕ್ಸ್‌ಎಲ್‌ಆರ್ ಪಿನ್ನುಗಳ ಹೊಳಪು ಹೋಗಿ, ಅಲುಗಿಸಿದರೆ ಮಾತ್ರ ಸದ್ದು ಬದಲಾಗುವ ಸ್ಥಿತಿ ಬಂದಿರುತ್ತದೆ. ಮಿಕ್ಸರನ್ನು ಆರಿಸಿ, ಕಾಂಟ್ಯಾಕ್ಟ್ ಕ್ಲೀನರ್ ಹಾಕಿ, ಪ್ರತಿ ಪ್ಲಗ್ಗನ್ನೂ ಐದಾರು ಸಲ ಹಾಕಿ ತೆಗೆದರೆ ಬಹಳಷ್ಟು ಸರಿಹೋಗುತ್ತದೆ. ಯುಎಸ್‌ಬಿಯ ಚೌಕ ಬಾಯಿಗೆ ಮಾತ್ರ ಒತ್ತಡ ಹಾಕಬಾರದು. ಅದರ ಬೆಸುಗೆ ನಾಜೂಕು.

ಐಸೊಲೇಟರ್ ಕೊಳ್ಳುವ ಮೊದಲು

ಯುಎಸ್‌ಬಿ ಐಸೊಲೇಟರ್ ಎಂಬ ಪುಟ್ಟ ಡಬ್ಬಿಯನ್ನು ನಡುವೆ ಹಾಕಿದರೆ ಅಂಕಿಗಳು ದಾಟುತ್ತವೆ, ಗ್ರೌಂಡ್ ದಾಟುವುದಿಲ್ಲ. ಗುಂಯ್ ಸದ್ದಿಗೂ ಸಿಳ್ಳೆಗೂ ಇದು ಸೊಗಸಾದ ಮದ್ದು. ಆದರೆ ಅಗ್ಗದ ಐಸೊಲೇಟರುಗಳಲ್ಲಿ ಬಹಳಷ್ಟು ಎಡಿಯುಎಂ4160 ಎಂಬ ಚಿಪ್ಪಿನವು, ಮತ್ತು ಆ ಚಿಪ್ಪಿನ ಮಿತಿ ಸೆಕೆಂಡಿಗೆ 12 ಮೆಗಾಬಿಟ್. ನಮಗೆ ಬೇಕಾದದ್ದು 20.7. ಎರಡು ಚಾನೆಲ್ಲಿನ ಸಣ್ಣ ಮಿಕ್ಸರಿಗೆ ಅದು ಸಾಕು. ದೊಡ್ಡದಕ್ಕೆ ಹಾಕಿದರೆ ಲ್ಯಾಪ್‌ಟಾಪು ಮಿಕ್ಸರನ್ನು ಗುರುತಿಸುವುದೇ ಇಲ್ಲ, ಗುರುತಿಸಿದರೂ ಎಲ್ಲ ಚಾನೆಲ್ಲುಗಳೂ ಸಿಗುವುದಿಲ್ಲ. 480 ಮೆಗಾಬಿಟ್ಟಿನ ಹೈ ಸ್ಪೀಡ್ ಐಸೊಲೇಟರ್ ಎಂದು ಕೇಳಿ ಕೊಳ್ಳಬೇಕು, ಅದರ ಬೆಲೆ ಹೆಚ್ಚು. ಅದಕ್ಕೆ ಕೊಡುವ ಹಣದಲ್ಲಿ ಜಗಲಿಗೊಂದು ಅರ್ಥಿಂಗ್ ತಂತಿ ಎಳೆಸಬಹುದಾದರೆ ನನ್ನ ಮತ ತಂತಿಗೆ.

ಮೈಕುಗಳನ್ನೆಲ್ಲ ತೆಗೆದು, ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿಟ್ಟು, ಸರಿಯಾದ ಅರ್ಥಿಂಗ್ ಇರುವ ಸಾಕೆಟ್ಟಿನಲ್ಲಿ ಮಿಕ್ಸರೊಂದನ್ನೇ ಓಡಿಸಿ, ಬೇರೆ ಕೇಬಲು ಹಾಕಿ ನೋಡಿದರೂ ಗುಂಯ್ ಸದ್ದು ಉಳಿದರೆ ಅದು ಮಿಕ್ಸರಿನೊಳಗಿನದು: ಪವರ್ ಸಪ್ಲೈಯ ಕೆಪಾಸಿಟರ್ ಸೋತಿರಬಹುದು, ಯುಎಸ್‌ಬಿ ಬಾಯಿಯ ಬೆಸುಗೆ ಬಿಟ್ಟಿರಬಹುದು. ಆಗ ರಿಪೇರಿಗೆ ಕೊಡುವುದೇ ದಾರಿ. ಕೊಡುವಾಗ ‘ಸದ್ದು ಬರುತ್ತದೆ’ ಎಂದಷ್ಟೇ ಹೇಳದೆ, ಚಾರ್ಜರ್ ಕಿತ್ತಾಗ ಏನಾಯಿತು, ಯಾವ ಚಾನೆಲ್ಲುಗಳಲ್ಲಿದೆ, ಸ್ಪೆಕ್ಟ್ರಮ್ಮಿನಲ್ಲಿ ಗೆರೆ ಎಷ್ಟು ಹರ್ಟ್ಸಿನಲ್ಲಿ ನಿಂತಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಒಂದು ನಿಮಿಷದ ಆ ಫೈಲನ್ನೂ ಪೆನ್‌ಡ್ರೈವಿನಲ್ಲಿ ಹಾಕಿ ಕೊಡಿರಿ. ಇಲ್ಲವಾದರೆ ಅಂಗಡಿಯವರ ಒಳ್ಳೆಯ ಅರ್ಥಿಂಗಿನಲ್ಲಿ ಮಿಕ್ಸರು ಸದ್ದಿಲ್ಲದೆ ಕುಳಿತು, ಪೆಟ್ಟಿಗೆಯನ್ನು ಬಸ್ಸಿನಲ್ಲಿ ಹೇರಿಕೊಂಡು ಶಿವಮೊಗ್ಗಕ್ಕೆ ಇನ್ನೊಮ್ಮೆ ಹೋಗಬೇಕಾಗುತ್ತದೆ.